ಬಂಗಾಳಿಗೂ ಜಾಗ ಕೇಳಿದ ಧೀರೇಂದ್ರನಾಥ ದತ್ತ

ನಮ್ಮ ಮನೆಮಾತು ಉರ್ದು. ಹಾಗಾಗಿ ಧೀರೇಂದ್ರನಾಥ ದತ್ತರ ಹೆಸರು ಮೊದಲ ಸಲ ಕೇಳಿದಾಗ ಅವರು ಉರ್ದು ವಿರೋಧಿ ಎಂದೇ ತಿಳಿದಿದ್ದೆ. ಅವರ ಜೀವನ ಓದಿದ ಮೇಲೆ ನನ್ನ ತಪ್ಪು ಗೊತ್ತಾಯಿತು.

ದತ್ತರು 1886ರಲ್ಲಿ ಬಂಗಾಳದಲ್ಲಿ ಹುಟ್ಟಿದರು. ಕೊಮಿಲ್ಲಾದಲ್ಲಿ ವಕೀಲರಾಗಿದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. 1947ರಲ್ಲಿ ಕೊಮಿಲ್ಲಾ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ಹಿಂದೂವಾದರೂ ಅವರು ಊರು ಬಿಡಲಿಲ್ಲ. ಪಾಕಿಸ್ತಾನದ ಸಂವಿಧಾನ ಸಭೆಯ ಸದಸ್ಯರಾದರು.

ಆ ಸಭೆಯ ಭಾಷೆಗಳು ಇಂಗ್ಲಿಷ್ ಮತ್ತು ಉರ್ದು. ಆದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನರ ಮಾತು ಬಂಗಾಳಿ. 1948ರ ಫೆಬ್ರವರಿಯಲ್ಲಿ ಕರಾಚಿಯಲ್ಲಿ ದತ್ತರು, ಈ ಎರಡರ ಜೊತೆಗೆ ಬಂಗಾಳಿಯನ್ನೂ ಸೇರಿಸಬೇಕೆಂದು ತಿದ್ದುಪಡಿ ತಂದರು. ಉರ್ದುವನ್ನು ತೆಗೆಯಿರಿ ಎಂದು ಅವರು ಕೇಳಲಿಲ್ಲ. ಢಾಕಾದಲ್ಲಿ ಓದುವ ಮಗನಿಗೆ ಹಣ ಕಳಿಸಲು ಹೋದ ಬಡ ರೈತನಿಗೆ ಮನಿಯಾರ್ಡರ್ ಫಾರಂ ಓದಲು ಬರುವುದಿಲ್ಲ ಎಂಬ ಉದಾಹರಣೆ ಕೊಟ್ಟರು. ಪ್ರಧಾನಿ ಲಿಯಾಕತ್ ಅಲಿ ಖಾನ್ ವಿರೋಧಿಸಿದರು. ತಿದ್ದುಪಡಿ ಬಿದ್ದುಹೋಯಿತು.

1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿಗಾಗಿ ಹೋರಾಡಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೊನೆಗೆ 1956ರ ಸಂವಿಧಾನ ಉರ್ದು, ಬಂಗಾಳಿ ಎರಡನ್ನೂ ರಾಷ್ಟ್ರಭಾಷೆ ಮಾಡಿತು. 1971ರ ಮಾರ್ಚ್‌ನಲ್ಲಿ ಸೈನಿಕರು 84 ವರ್ಷದ ದತ್ತರನ್ನೂ ಅವರ ಮಗನನ್ನೂ ಮನೆಯಿಂದ ಎಳೆದೊಯ್ದರು. ಇಬ್ಬರೂ ಹಿಂತಿರುಗಲಿಲ್ಲ. ಫೆಬ್ರವರಿ 21 ಈಗ ಅಂತರರಾಷ್ಟ್ರೀಯ ಮಾತೃಭಾಷಾ ದಿನ.

ನನ್ನ ಅಜ್ಜಿಗೆ ಉರ್ದು ಮಾತ್ರ ಓದಲು ಬರುತ್ತದೆ. ಬ್ಯಾಂಕಿನಲ್ಲಿ ಅವರ ಚಲನ್ ತುಂಬುವವಳು ನಾನೇ. ಕಳೆದ ವಾರ ತುಂಬುವಾಗ ದತ್ತರು ಹೇಳಿದ ಆ ರೈತ ನೆನಪಾದ.