ಕ್ಯಾರೊಲೈನ್ ಹರ್ಷಲ್: ವಾದ್ಯಗಾರನ ಮಗಳು

ಹೆಣ್ಣುಮಕ್ಕಳನ್ನು ನಮ್ಮ ಶಾಲೆಗೆ ಸೇರಿಸಲು ಬರುವ ತಾಯಿತಂದೆಗಳಲ್ಲಿ ಕೆಲವರು, ಸಂಗೀತಕ್ಕಾಗಿ ಕಳೆಯುವ ವೇಳೆಯನ್ನು ಲೆಕ್ಕಕ್ಕೆ ಕೊಡಬಾರದೇ ಎಂದು ನಮ್ಮನ್ನು ಕೇಳುವದುಂಟು. ಮಗಳು ಗಾಯಕಿಯಾಗುವದಿಲ್ಲವೆಂಬುದು ನಿಶ್ಚಯವಾಗಿರುವಾಗ ಹಾಡು ವಾದ್ಯಗಳಿಂದ ಅವಳಿಗೇನು ಪ್ರಯೋಜನವೆಂಬುದೇ ಅವರ ಸಂದೇಹವು. ಇದಕ್ಕೆ ವಾದದಿಂದ ಉತ್ತರ ಕೊಡುವದಕ್ಕಿಂತ, ಒಬ್ಬ ಬಡ ವಾದ್ಯಗಾರನ ಮಗಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಹೇಳುವದೇ ಲೇಸೆಂದು ನಮಗೆ ತೋರಿತು.

ಕ್ಯಾರೊಲೈನ್ ಹರ್ಷಲ್ ಎಂಬಾಕೆಯು 1750ನೆಯ ಇಸವಿ ಮಾರ್ಚ್ 16ರಂದು ಜರ್ಮನಿ ದೇಶದ ಹ್ಯಾನೋವರ್ ಪಟ್ಟಣದಲ್ಲಿ ಹುಟ್ಟಿದಳು. ಆಕೆಯ ತಂದೆಯಾದ ಐಸಾಕನು ತೋಟಗಾರನ ಕಸುಬಿಗೆ ಬೆಳೆದವನಾದರೂ, ಸಂಗೀತದ ಮೇಲಣ ಪ್ರೀತಿಯಿಂದ ಅದನ್ನು ಬಿಟ್ಟು, ಓಬೋ ಎಂಬ ಊದುವ ವಾದ್ಯವನ್ನು ಕಲಿತು, ಪಟಾಲಮಿನ ಬ್ಯಾಂಡಿಗೆ ಸೇರಿದನು. 1743ರಲ್ಲಿ ಡೆಟಿಂಗೆನ್ ಯುದ್ಧವಾದ ರಾತ್ರಿ ನೀರು ನಿಂತ ಹೊಲದಲ್ಲಿ ಮಲಗಿದ್ದರಿಂದ ಅವನ ಆರೋಗ್ಯವು ಕೆಟ್ಟಿತು. ಆದರೂ ತನ್ನ ಗಂಡುಮಕ್ಕಳಿಗೆಲ್ಲಾ ವಾದ್ಯ ಕಲಿಸುವದನ್ನು ಅವನು ಬಿಡಲಿಲ್ಲ. ರಾತ್ರಿಯ ವೇಳೆ ಆ ಮನೆಯಲ್ಲಿ ಸಂಗೀತದ ಮಾತು ನ್ಯೂಟನ್, ಲೈಬ್ನಿಟ್ಸ್ ಮುಂತಾದ ಪಂಡಿತರ ವಿಚಾರಗಳ ವರೆಗೂ ಬೆಳೆಯುತ್ತಿತ್ತು. ಎಳೆಯ ಕ್ಯಾರೊಲೈನಳು ಅದನ್ನು ಕೇಳುವ ಆಶೆಯಿಂದ ನಿದ್ರೆಯನ್ನು ತಡೆದುಕೊಂಡು ಎಚ್ಚರವಾಗಿಯೇ ಇರುತ್ತಿದ್ದಳು.

ತಾಯಿಯಾದ ಅನ್ನಾ ಎಂಬವಳು ಓದುಬರಹ ತಿಳಿಯದವಳು. ವಿದ್ಯೆ ಕಲಿತದ್ದರಿಂದಲೇ ತನ್ನ ಮಗ ವಿಲಿಯಮನು ದೂರದ ಇಂಗ್ಲೆಂಡಿಗೆ ಹೊರಟುಹೋದನೆಂದು ಆಕೆಯು ನಂಬಿದ್ದಳು. ಮಗಳೂ ಕೈಬಿಟ್ಟುಹೋದಾಳೆಂಬ ಭಯದಿಂದ, ಅಕ್ಷರಾಭ್ಯಾಸವೂ ಹೊಲಿಗೆಯೂ ಮನೆಗೆಲಸವೂ ಅವಳಿಗೆ ಸಾಕೆಂದು ಹಟ ಹಿಡಿದಳು. ಆ ತಾಯಿಯನ್ನು ಕಠಿಣಳೆಂದು ದೂರುವದು ಸುಲಭ. ಆದರೆ ಅಂಥ ಭಯವುಳ್ಳ ತಾಯಂದಿರನ್ನು ನಾವೂ ಕಂಡಿದ್ದೇವೆ, ಅವರ ದುಃಖವನ್ನು ತಿಳಿದಿದ್ದೇವೆ.

ಇದರ ಮೇಲೆ, ಸುಮಾರು ಹತ್ತನೆಯ ವಯಸ್ಸಿನಲ್ಲಿ ಟೈಫಸ್ ಜ್ವರವು ಬಂದು ಆಕೆಯ ಬೆಳವಣಿಗೆಯು ಕುಂಠಿತವಾಯಿತು. ಕಡೆಯ ವರೆಗೂ ಆಕೆಯ ಎತ್ತರವು 4 ಅಡಿ 3 ಅಂಗುಲ ಮಾತ್ರ. ರೂಪವೂ ಹಣವೂ ಇಲ್ಲದ ಅವಳನ್ನು ಮುಪ್ಪಿನ ತನಕ ಯಾರೂ ವರಿಸಲಾರರೆಂದು ತಂದೆಯೇ ಅವಳಿಗೆ ತಿಳಿಸಿದನಂತೆ. ಹಾಗಿದ್ದರೂ ಹೆಂಡತಿಯು ಮನೆಯಲ್ಲಿಲ್ಲದಾಗಲೋ, ಸಂತೋಷದಿಂದಿದ್ದಾಗಲೋ ಮಗಳ ಕೈಗೆ ಪಿಟೀಲನ್ನು ಕೊಟ್ಟು ಪಾಠ ಹೇಳುತ್ತಿದ್ದವನೂ ಅವನೇ. ಚಳಿಗಾಲದ ಒಂದು ನಿರ್ಮಲವಾದ ರಾತ್ರಿಯಲ್ಲಿ ಬೀದಿಗೆ ಕರೆದುಕೊಂಡು ಹೋಗಿ ನಕ್ಷತ್ರಮಂಡಲಗಳನ್ನೂ ಆಗ ಕಾಣುತ್ತಿದ್ದ ಒಂದು ಧೂಮಕೇತುವನ್ನೂ ಅವಳಿಗೆ ತೋರಿಸಿದವನೂ ಅವನೇ. 1767ರಲ್ಲಿ ಐಸಾಕನು ತೀರಿಹೋದನು. ಮಗಳಿಗೆ ಅವನು ಬಿಟ್ಟುಹೋದ ಆಸ್ತಿಯು ಇಷ್ಟೇ.

ಇಂಗ್ಲೆಂಡಿನ ಬಾತ್ ಪಟ್ಟಣದ ಒಂದು ದೇವಾಲಯದಲ್ಲಿ ಆರ್ಗನ್ ಬಾರಿಸುತ್ತಿದ್ದ ವಿಲಿಯಮನು, ತಂಗಿಗೆ ಹಾಡುಗಾರಿಕೆಯನ್ನು ಕಲಿಸಿ ನೋಡೋಣವೆಂದು ಆಕೆಯನ್ನು ಕರೆದನು. ಹೋಗುವದು ನಿಶ್ಚಯವಾಗುವ ಮೊದಲೇ ಆಕೆಯು, ಮನೆಯಲ್ಲಿ ಯಾರೂ ಇಲ್ಲದಾಗ, ಹಲ್ಲುಗಳ ನಡುವೆ ಬಿರಡೆಯಂಥದನ್ನು ಕಚ್ಚಿಕೊಂಡು ಪಿಟೀಲಿನ ಸ್ವರಗಳನ್ನು ಗಂಟಲಿನಿಂದ ಸಾಧಿಸಿದಳು. ತಾಯಿಗೂ ತಮ್ಮನಿಗೂ ಎರಡು ವರ್ಷಕ್ಕೆ ಸಾಕಾಗುವಷ್ಟು ಕಾಲುಚೀಲಗಳನ್ನು ಹೆಣೆದಿಟ್ಟಳು. ಆಳನ್ನಿಟ್ಟುಕೊಳ್ಳುವದಕ್ಕೆಂದು ಅಣ್ಣನು ತಾಯಿಗೆ ವರ್ಷಾಶನವನ್ನು ಗೊತ್ತುಮಾಡಿದ ಮೇಲೆ, 1772ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ ಆಕೆಗೆ ಬಿಡುಗಡೆಯಾಯಿತು.

ಬಾತಿನಲ್ಲಿ ಆಕೆಯು ಹೆಂಡೆಲನ ಮೆಸ್ಸಾಯ ಮೊದಲಾದ ಕೃತಿಗಳಲ್ಲಿ ಮುಖ್ಯ ಗಾಯಕಿಯಾದಳು. 1778ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಹಾಡಲು ಕರೆ ಬಂದಾಗ, ಅಣ್ಣನ ಕಚೇರಿಯಲ್ಲಲ್ಲದೆ ಬೇರೆಲ್ಲಿಯೂ ಹಾಡುವದಿಲ್ಲವೆಂದು ನಿರಾಕರಿಸಿದಳು. ಇಷ್ಟರಲ್ಲಿ ವಿಲಿಯಮನ ಮನಸ್ಸು ಬೇರೆ ಕಡೆಗೆ ತಿರುಗಿತ್ತು. ರಾಬರ್ಟ್ ಸ್ಮಿತ್ ಎಂಬ ಪಂಡಿತನ ಸ್ವರಶಾಸ್ತ್ರದ ಗ್ರಂಥವನ್ನು ಓದಿದ ಅವನು, ಅದೇ ಪಂಡಿತನ ದೃಷ್ಟಿಶಾಸ್ತ್ರದ ಗ್ರಂಥವನ್ನೂ ಓದಿ, ತಾನೇ ದೂರದರ್ಶಕ ಯಂತ್ರಗಳನ್ನು ಮಾಡಲು ಪ್ರಾರಂಭಿಸಿದನು. ಒಮ್ಮೆ ಕನ್ನಡಿಯನ್ನು ಉಜ್ಜುತ್ತಾ 16 ತಾಸು ಕೈ ತೆಗೆಯದಿದ್ದಾಗ, ತಂಗಿಯು ಅವನ ಬಾಯಿಗೆ ತುತ್ತು ಕೊಟ್ಟಳು. 1781ರ ಮಾರ್ಚ್ 13ರಂದು ಅವನು ಯುರೇನಸ್ ಗ್ರಹವನ್ನು ಕಂಡುಹಿಡಿದನು; ನಮ್ಮ ಕೆಲವು ಪಂಚಾಂಗಗಳು ಹರ್ಷಲ್ ಎಂದು ಕರೆಯುವದು ಇದನ್ನೇ. ಮರುವರ್ಷ ಅವನು ಅರಸನ ಜ್ಯೋತಿಶ್ಶಾಸ್ತ್ರಜ್ಞನಾಗಿ ಸಂಗೀತದ ಕಸುಬನ್ನು ಬಿಟ್ಟನು. ಅದರೊಡನೆ ತಂಗಿಯ ಹಾಡುಗಾರಿಕೆಯೂ ಮುಗಿಯಿತು. ಈ ಬದಲಾವಣೆಯು ಆಕೆಗೆ ಮೊದಲು ಹಿಡಿಸಲಿಲ್ಲ. ಅದು ನಷ್ಟವಲ್ಲವೆಂದು ನಾವೂ ಹೇಳಲಾರೆವು.

ಆದರೆ ಸಂಗೀತದಲ್ಲಿ ಕಲಿತದ್ದು ನಷ್ಟವಾಗಲಿಲ್ಲ. ವಾದ್ಯಗಾರರಿಗಾಗಿ ಸ್ವರಗಳನ್ನು ತಪ್ಪಿಲ್ಲದೆ ನಕಲು ಮಾಡಿದ ಕೈಯೇ ಈಗ ನಕ್ಷತ್ರಗಳ ಸ್ಥಾನಗಳನ್ನು ಬರೆಯಿತು. ತಾಳಕ್ಕೆ ಕಿವಿಗೊಟ್ಟು ಕಾದು ಕಲಿತವಳು ಈಗ ಗಡಿಯಾರವನ್ನು ನೋಡುತ್ತಾ, ಯಂತ್ರದ ಬಳಿಯಿಂದ ಅಣ್ಣನು ಕೂಗಿ ಹೇಳಿದ್ದನ್ನು ರಾತ್ರಿಯೆಲ್ಲಾ ದಾಖಲೆ ಮಾಡಿದಳು. ಮಗ್ಗಿಯು ಆಕೆಗೆ ಎಂದೂ ಬಾಯಿಪಾಠವಾಗಲಿಲ್ಲ. ಅದರ ಪಟ್ಟಿಯನ್ನು ಹತ್ತಿರದಲ್ಲಿಟ್ಟುಕೊಂಡೇ ಆ ಲೆಕ್ಕಗಳನ್ನೆಲ್ಲಾ ಮಾಡಿ ಮುಗಿಸಿದಳು. 1783ರ ಡಿಸೆಂಬರ್ 31ರ ರಾತ್ರಿ ಹಿಮದಲ್ಲಿ ಜಾರಿ, ಯಂತ್ರದ ಕೊಕ್ಕೆಯೊಂದು ತೊಡೆಗೆ ನಾಟಿ ಮಾಂಸ ಕಿತ್ತುಬಂದರೂ ಕೆಲಸವನ್ನು ಬಿಡಲಿಲ್ಲ.

1786ರ ಆಗಸ್ಟ್ 1ರಂದು, ಅಣ್ಣನು ಪ್ರಯಾಣದಲ್ಲಿದ್ದಾಗ, ಆಕೆಯು ತಾನಾಗಿಯೇ ಒಂದು ಧೂಮಕೇತುವನ್ನು ಕಂಡುಹಿಡಿದಳು. ಬಾಲ್ಯದಲ್ಲಿ ತಂದೆಯ ಕೈ ಹಿಡಿದು ಧೂಮಕೇತುವನ್ನು ನೋಡಿದವಳು 1797ರೊಳಗಾಗಿ ಒಟ್ಟು 8 ಧೂಮಕೇತುಗಳನ್ನು ಕಂಡಳು. 1787ರಿಂದ ಅರಸನು ಆಕೆಗೆ ವರ್ಷಕ್ಕೆ 50 ಪೌಂಡು ಸಂಬಳವನ್ನು ಕೊಟ್ಟನು. ವಿಜ್ಞಾನದ ಕೆಲಸಕ್ಕಾಗಿ ಆ ದೇಶದಲ್ಲಿ ಸಂಬಳ ಪಡೆದ ಮೊದಲನೆಯ ಸ್ತ್ರೀಯೆಂದು ಆಕೆಯನ್ನು ಎಣಿಸುತ್ತಾರೆ. ಹಿಂದಿನ ನಕ್ಷತ್ರಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಸುಮಾರು 560 ನಕ್ಷತ್ರಗಳನ್ನು ಆಕೆಯು ಸೇರಿಸಿದಳು. 1822ರಲ್ಲಿ ಅಣ್ಣನು ತೀರಿಹೋದ ಮೇಲೆ ಹ್ಯಾನೋವರಿಗೆ ಹಿಂದಿರುಗಿ, ಸುಮಾರು 2,500 ನೀಹಾರಿಕೆಗಳ ಪಟ್ಟಿಯನ್ನು ಸಿದ್ಧಪಡಿಸಿದಳು. ಅದಕ್ಕಾಗಿ 1828ರಲ್ಲಿ ಲಂಡನ್ನಿನ ಜ್ಯೋತಿಶ್ಶಾಸ್ತ್ರ ಸಂಘವು ಆಕೆಗೆ ಚಿನ್ನದ ಪದಕವನ್ನಿತ್ತಿತು.

1848ರ ಜನವರಿ 9ರಂದು, 97ನೆಯ ವಯಸ್ಸಿನಲ್ಲಿ ಆಕೆಯು ತೀರಿಹೋದಳು. ಆಕೆಯ ಶವಪೆಟ್ಟಿಗೆಯಲ್ಲಿ ಎರಡು ವಸ್ತುಗಳನ್ನಿಟ್ಟರು: ಅಣ್ಣನ ಕೂದಲಿನ ಒಂದು ಎಳೆ, ಮತ್ತು ತಂದೆಯು ಉಪಯೋಗಿಸುತ್ತಿದ್ದ ಒಂದು ಹಳೆಯ ಪಂಚಾಂಗ. ತಂದೆಯು ತೀರಿಹೋಗಿ 80 ವರ್ಷಗಳು ಕಳೆದಿದ್ದರೂ ಆಕೆಯು ಅದನ್ನು ಕಾದಿಟ್ಟಿದ್ದಳು.

ಐಸಾಕನಲ್ಲಿ ಪ್ರೀತಿಯಿತ್ತು, ಅದನ್ನು ಎಲ್ಲರೆದುರಿನಲ್ಲಿ ನಡಿಸುವ ಧೈರ್ಯವು ಸಾಲದೆ ಹೋಯಿತು. ಕದ್ದು ಕೊಟ್ಟ ಆ ಕೆಲವು ಪಾಠಗಳೇ ಇಷ್ಟು ಫಲವನ್ನು ಕೊಟ್ಟಿರುವಲ್ಲಿ, ಮನಃಪೂರ್ವಕವಾಗಿ ಕೊಟ್ಟ ಪಾಠಗಳು ಎಷ್ಟು ಫಲ ಕೊಡಲಾರವು? ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ನಿಮ್ಮ ಮಗಳು ಮುಂದೆ ಏನಾಗುವಳೆಂದು ನೀವೂ ಅರಿಯಿರಿ, ನಾವೂ ಅರಿಯೆವು. ನೀವು ಪ್ರೀತಿಸುವ ಹಾಡನ್ನು ಅವಳಿಗೆ ಕಲಿಸಿರಿ. ಯಾರೂ ಮನೆಯಲ್ಲಿಲ್ಲದ ಗಳಿಗೆಗಾಗಿ ಕಾಯಬೇಡಿರಿ.