ಹೆಸರು ತಪ್ಪಿದರೂ ಹಾದಿ ತಪ್ಪದ ವಿಜ್ಞಾನಿ

ಜ್ವರ, ಮೈಕೈ ನೋವು ಬಂದಾಗ ಆಸ್ಪಿರಿನ್ ಮಾತ್ರೆ ನುಂಗುವುದು ಹಲವರಿಗೆ ರೂಢಿ. ಆ ಮಾತ್ರೆ ದೇಹದಲ್ಲಿ ತಡೆಯುವುದು ಪ್ರೋಸ್ಟಾಗ್ಲಾಂಡಿನ್ ಎಂಬ ಕೊಬ್ಬಿನ ಅಣುಗಳ ಉತ್ಪಾದನೆಯನ್ನು. ಈ ಅಣುಗಳಿಗೆ ನಾಮಕರಣ ಮಾಡಿದವರು ಸ್ವೀಡನ್ನಿನ ಶರೀರಕ್ರಿಯಾ ವಿಜ್ಞಾನಿ ಉಲ್ಫ್ ಫಾನ್ ಆಯ್ಲರ್.

1905ರ ಫೆಬ್ರವರಿ 7ರಂದು ಸ್ಟಾಕ್‌ಹೋಮ್‌ನಲ್ಲಿ ಜನಿಸಿದ ಆಯ್ಲರ್ ಅವರಿಗೆ ವಿಜ್ಞಾನ ಮನೆತನದ ಬಳುವಳಿ. ತಂದೆ ಹಾನ್ಸ್ 1929ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ತಾಯಿ ಆಸ್ಟ್ರಿಡ್ ಕ್ಲೀವ್ ಸಸ್ಯವಿಜ್ಞಾನಿ. ಕರೋಲಿನ್ಸ್ಕಾ ಸಂಸ್ಥೆಯಲ್ಲಿ ವೈದ್ಯಶಾಸ್ತ್ರ ಕಲಿತ ಆಯ್ಲರ್, ಲಂಡನ್ನಿನಲ್ಲಿ ಹೆನ್ರಿ ಡೇಲ್ ಅವರ ಪ್ರಯೋಗಾಲಯದಲ್ಲಿಯೂ ಪಳಗಿದರು.

ತಾಯ್ನಾಡಿಗೆ ಮರಳಿದ ಬಳಿಕ ಅವರು ವೀರ್ಯದಲ್ಲಿ ರಕ್ತದೊತ್ತಡವನ್ನು ಇಳಿಸುವ ವಸ್ತುವೊಂದನ್ನು ಗುರುತಿಸಿದರು. ಅದು ಕೊಬ್ಬಿನ ಗುಣವುಳ್ಳ ಆಮ್ಲ. ಪ್ರಾಸ್ಟೇಟ್ ಗ್ರಂಥಿಯೇ ಅದರ ಮೂಲವೆಂದು ಭಾವಿಸಿ 1935ರಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂದು ಕರೆದರು. ಊಹೆ ತಪ್ಪಾಗಿತ್ತು. ವೀರ್ಯದಲ್ಲಿನ ಆ ವಸ್ತು ಮುಖ್ಯವಾಗಿ ವೀರ್ಯಕೋಶಗಳಿಂದ ಬರುತ್ತದೆ. ದೇಹದ ಬಹುತೇಕ ಅಂಗಾಂಶಗಳೂ ಅದನ್ನು ತಯಾರಿಸಬಲ್ಲವು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಮಹಾಯುದ್ಧ ಮುಗಿದ 1945ರಲ್ಲಿ ಆಯ್ಲರ್ ಒಂದು ದೊಡ್ಡ ನಿರ್ಧಾರ ಕೈಗೊಂಡರು. ಯುದ್ಧಪೂರ್ವದಿಂದ ಜೋಪಾನ ಮಾಡಿದ್ದ ಕುರಿಯ ಗ್ರಂಥಿಗಳ ಸಾರವನ್ನು ಕಿರಿಯ ರಸಾಯನವಿಜ್ಞಾನಿ ಸೂನೆ ಬೆರ್ಗ್‌ಸ್ಟ್ರಾಮ್ ಅವರ ಕೈಗಿತ್ತು, ಸಂಶೋಧನೆಯನ್ನೇ ಒಪ್ಪಿಸಿಬಿಟ್ಟರು. ತಾವು ನರಗಳ ಅಧ್ಯಯನದತ್ತ ಹೊರಳಿ, 1946ರಲ್ಲಿ ನಾರ್‌ಅಡ್ರಿನಲಿನ್ ನರಸಂದೇಶವಾಹಕವೆಂದು ತೋರಿಸಿದರು. ಅದಕ್ಕಾಗಿ 1970ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು.

ಒಪ್ಪಿಸಿದ ಬೀಜ ಹೆಮ್ಮರವಾಯಿತು. ಬೆರ್ಗ್‌ಸ್ಟ್ರಾಮ್ ಈ ಅಣುಗಳ ರಚನೆಯನ್ನು ಬಿಡಿಸಿದರು. ಕೋಶದ ಹೊರಪೊರೆಯ ಅರಾಕಿಡೋನಿಕ್ ಆಮ್ಲದಿಂದ ಅವು ತಯಾರಾಗುತ್ತವೆಂಬುದು 1964ರಲ್ಲಿ ತಿಳಿಯಿತು. ಆಸ್ಪಿರಿನ್ ಈ ತಯಾರಿಯನ್ನೇ ತಡೆಯುತ್ತದೆಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಅದೇ ಆಮ್ಲದಿಂದ ಹುಟ್ಟುವ ಲ್ಯೂಕೋಟ್ರೈಯೀನ್‌ಗಳನ್ನು ಬೆರ್ಗ್‌ಸ್ಟ್ರಾಮ್ ಶಿಷ್ಯ ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಬೆಳಕಿಗೆ ತಂದರು.

ರೋಗನಿರೋಧಕ ಕೋಶಗಳ ನಡುವೆ ಈ ಅಣುಗಳು ದೂತರಂತೆ ದುಡಿಯುತ್ತವೆ. ಗಾಯವಾದೆಡೆಗೆ ಬಿಳಿ ರಕ್ತಕಣಗಳನ್ನು ಕರೆತರುವುದು ಲ್ಯೂಕೋಟ್ರೈಯೀನ್ ಬಿ4. ರಕ್ತನಾಳಗಳನ್ನು ಹಿಗ್ಗಿಸಿ ಊತ, ಜ್ವರ ತರಿಸುವುದು ಪ್ರೋಸ್ಟಾಗ್ಲಾಂಡಿನ್ ಇ2. ಟಿ ಕೋಶಗಳ ಆವೇಶಕ್ಕೆ ಕಡಿವಾಣ ಹಾಕುವ ಶಕ್ತಿಯೂ ಅದಕ್ಕಿದೆ. ದೇಹದ ರಕ್ಷಣೆಯನ್ನು ಬಡಿದೆಬ್ಬಿಸುವುದೂ ಸಂತೈಸುವುದೂ ಕೊಬ್ಬಿನ ಅಣುಗಳೇ.

1982ರಲ್ಲಿ ಬೆರ್ಗ್‌ಸ್ಟ್ರಾಮ್, ಸ್ಯಾಮ್ಯುಯೆಲ್ಸನ್ ಹಾಗೂ ವೇನ್ ಅವರಿಗೆ ನೊಬೆಲ್ ಸಂದಿತು. ಅದನ್ನು ಕಾಣುವ ಭಾಗ್ಯ ಆಯ್ಲರ್ ಅವರಿಗಿತ್ತು. ಮರುವರ್ಷ, 1983ರ ಮಾರ್ಚ್‌ನಲ್ಲಿ ಅವರು ನಿಧನರಾದರು. ತಮ್ಮಿಂದಾಗದ ಕೆಲಸವನ್ನು ಬಲ್ಲವರಿಗೆ ಬಿಟ್ಟುಕೊಟ್ಟ ದೊಡ್ಡತನ, ಅವರ ಶೋಧಗಳಷ್ಟೇ ಸ್ಮರಣೀಯ.