ತೂತು ಕೊರೆಯುವ ಮುಂಚೆ: ಫ್ರೆಡ್ ಬೇರ್ ಎಂಬ ಬಿಲ್ಲುಗಾರ

ಬಿಲ್ಲು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಅರ್ಜುನ, ಏಕಲವ್ಯ, ಸೀತಾ ಸ್ವಯಂವರ. ಆದರೆ ಈ ಸಲ ನಾವು ಹೇಳಹೊರಟಿರುವ ಬಿಲ್ಲುಗಾರ ಪುರಾಣದವರಲ್ಲ, ಅಮೆರಿಕದ ಕಾರು ಕಾರ್ಖಾನೆಯೊಂದರಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದವರು. ಹೆಸರು ಫ್ರೆಡ್ ಬೇರ್. ಇಂಗ್ಲಿಷಿನಲ್ಲಿ ಬೇರ್ ಅಂದರೆ ಕರಡಿ. ಮುಂದೆ ಅವರು ಬಿಲ್ಲು ಹಿಡಿದು ಕರಡಿ ಬೇಟೆಗೂ ಹೋದರು ಅನ್ನೋದು ತಮಾಷೆಯಾದರೂ ನಿಜ.

ಇವರ ಕಥೆಗೆ ನಮ್ಮನ್ನ ಎಳೆದದ್ದು ಒಂದು ಸಣ್ಣ ಡಿಸೈನ್ ಪ್ರಶ್ನೆ. ಬೇಟೆಯ ಬಿಲ್ಲಿಗೆ ಒಂದು ಲೈಟ್ ಕೂರಿಸಬೇಕು, ಆದರೆ ಬಿಲ್ಲಿಗೆ ಡ್ರಿಲ್ ಹಾಕಬಾರದು. ಹೇಗೆ? ಅಮೆರಿಕದಲ್ಲಿ ರಾತ್ರಿ ದೋಣಿಯಲ್ಲಿ ನಿಂತು ಮೀನಿಗೆ ಬಾಣ ಬಿಡುವವರಿಗೂ, ಟೆಕ್ಸಾಸ್ ಕಡೆ ಬೆಳೆ ಹಾಳುಮಾಡುವ ಹಂದಿಗಳ ಹಿಂದೆ ಬಿದ್ದವರಿಗೂ ಇದು ನಿಜವಾದ ಸಮಸ್ಯೆ. ಟಾರ್ಚ್ ತಾನೇ, ಎರಡು ಸ್ಕ್ರೂ ಹೊಡೆದರೆ ಆಯ್ತಲ್ಲ ಅಂತ ನಮಗೂ ಅನ್ನಿಸುತ್ತೆ. ಆದರೆ ಬಿಲ್ಲು ಅನ್ನೋದು ಮರದ ಕೋಲಲ್ಲ, ಲೋಡ್ ಆಗಿರುವ ಸ್ಪ್ರಿಂಗ್. ಅದನ್ನ ಹಾಗೆ ನೋಡೋಕೆ ಕಲಿತು, ಬೇರೆಯವರಿಗೂ ಕಲಿಸಿದವರಲ್ಲಿ ಬೇರ್ ದೊಡ್ಡ ಹೆಸರು.

ಫ್ರೆಡ್ ಬೇರ್ ಹುಟ್ಟಿದ್ದು 1902ರ ಮಾರ್ಚ್ 5ರಂದು, ಪೆನ್ಸಿಲ್ವೇನಿಯಾ ರಾಜ್ಯದ ವೇನ್ಸ್‌ಬರೋದಲ್ಲಿ. ಇಪ್ಪತ್ತೊಂದರ ಹೊತ್ತಿಗೆ ಊರು ಬಿಟ್ಟು ಡೆಟ್ರಾಯಿಟ್ ಸೇರಿದರು. ಆಗ ಕಾರು ಅಂದರೆ ಡೆಟ್ರಾಯಿಟ್, ಕೆಲಸ ಅಂದರೂ ಡೆಟ್ರಾಯಿಟ್. ಪ್ಯಾಕಾರ್ಡ್ ಕಾರು ಕಂಪನಿಯಲ್ಲಿ ಪ್ಯಾಟರ್ನ್ ಮೇಕರ್ ಕೆಲಸ ಸಿಕ್ಕಿತು. ಫೌಂಡ್ರಿ ಲ್ಯಾಬ್ ಮಾಡಿದವರಿಗೆ ಇದೇನೂ ಹೊಸದಲ್ಲ: ಎರಕ ಹೊಯ್ಯುವ ಮೊದಲು ಮರಳಲ್ಲಿ ಅಚ್ಚು ಮೂಡಿಸೋಕೆ ಮರದ ಮಾದರಿ ಬೇಕು, ಅದನ್ನ ಕೆತ್ತುವವರೇ ಪ್ಯಾಟರ್ನ್ ಮೇಕರ್. ಮರದ ಎಳೆ ಯಾವ ಕಡೆ ಓಡುತ್ತೆ, ಎಲ್ಲಿ ಸೀಳುತ್ತೆ, ಎಷ್ಟು ಕುಗ್ಗುತ್ತೆ ಅನ್ನೋದು ಕೈಗೇ ಗೊತ್ತಿರಬೇಕಾದ ಕೆಲಸ ಅದು. ಬೇರ್ ಡಿಗ್ರಿ ಪಡೆದ ಎಂಜಿನಿಯರ್ ಅಲ್ಲ. ಆದರೆ ಮೆಟೀರಿಯಲ್ ಜೊತೆ ಅವರಿಗೆ ಆದ ಪರಿಚಯ ಪುಸ್ತಕದ್ದಕ್ಕಿಂತ ಗಟ್ಟಿ.

1927ರಲ್ಲಿ ಅವರು ಡೆಟ್ರಾಯಿಟ್‌ನಲ್ಲಿ ಒಂದು ಸಿನಿಮಾ ನೋಡಿದರು. ಆರ್ಟ್ ಯಂಗ್ ಎಂಬ ಬಿಲ್ಲುಗಾರ ಅಲಾಸ್ಕಾದಲ್ಲಿ ಬರೀ ಬಿಲ್ಲು ಹಿಡಿದು ಬೇಟೆಯಾಡಿದ ಚಿತ್ರ ಅದು. ಇಲ್ಲಿ ಒಂದು ಗುರುಪರಂಪರೆಯೂ ಇದೆ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನೆಂದು ಹೆಸರಾದ ಇಶಿ, ತಾನು 1916ರಲ್ಲಿ ತೀರಿಕೊಳ್ಳುವ ಮೊದಲು ಸ್ಯಾಕ್ಸ್‌ಟನ್ ಪೋಪ್ ಎಂಬ ಡಾಕ್ಟರಿಗೆ ಬಿಲ್ವಿದ್ಯೆ ಹೇಳಿಕೊಟ್ಟಿದ್ದ. ಆ ಪೋಪ್ ಅವರ ಜೊತೆಗಾರನೇ ಆರ್ಟ್ ಯಂಗ್. ಚಿತ್ರ ನೋಡಿದ ಬೇರ್ ಆಮೇಲೆ ಯಂಗ್‌ರನ್ನೇ ಪರಿಚಯ ಮಾಡಿಕೊಂಡರು. ಇಬ್ಬರೂ ಬೇರ್ ಮನೆಯ ನೆಲಮಾಳಿಗೆಯಲ್ಲಿ ಕೂತು ಬಿಲ್ಲು, ಬಾಣ, ಹೆದೆ ಮಾಡತೊಡಗಿದರು. ಒಂದು ಬುಡಕಟ್ಟಿನ ಕೊನೆಯ ಮನುಷ್ಯನ ವಿದ್ಯೆ ಹೀಗೆ ಕಾರು ಕಾರ್ಖಾನೆಯ ಕೆಲಸಗಾರನ ಮನೆ ತಲುಪಿತು.

1933 ಅಮೆರಿಕಕ್ಕೆ ಕೆಟ್ಟ ವರ್ಷ. ಮಹಾ ಆರ್ಥಿಕ ಕುಸಿತದ ಕಾಲ, ಎಲ್ಲೆಲ್ಲೂ ಕೆಲಸ ಇಲ್ಲ. ಅದೇ ಹೊತ್ತಿಗೆ ಬೇರ್ ಆಗ ಕೆಲಸಕ್ಕಿದ್ದ ಕಾರ್ಖಾನೆ ಬೆಂಕಿಗೆ ಸುಟ್ಟುಹೋಯಿತು. ಚಾರ್ಲ್ಸ್ ಪೈಪರ್ ಎಂಬ ಗೆಳೆಯನ ಜೊತೆ ಸೇರಿ, ಸಣ್ಣ ಬಂಡವಾಳ ಹಾಕಿ, ಸ್ವಂತ ಕಂಪನಿ ಶುರುಮಾಡಿದರು. ನಾವು ಈಗ ಸ್ಟಾರ್ಟಪ್ ಅಂತೀವಲ್ಲ, ಅದೇ. ಆದರೆ ಹೊಟ್ಟೆ ತುಂಬಿಸಿದ್ದು ಬಿಲ್ಲಲ್ಲ. ಕಾರು ಕಂಪನಿಗಳಿಗೆ ಜಾಹೀರಾತಿನ ಬ್ಯಾನರ್‌ಗಳನ್ನ ಪ್ರಿಂಟ್ ಮಾಡಿಕೊಡೋದು ಮುಖ್ಯ ಕೆಲಸ, ಒಂದು ಮೂಲೆಯಲ್ಲಿ ಬಿಲ್ಲಿನ ಕೆಲಸ. ಬಿಲ್ಲಿನ ಕಡೆಯ ವ್ಯಾಪಾರ ತನ್ನ ಕಾಲ ಮೇಲೆ ನಿಲ್ಲೋಕೆ ಕೆಲವು ವರ್ಷ ಹಿಡಿಯಿತು. 1947ರಲ್ಲಿ ಅವರು ಡೆಟ್ರಾಯಿಟ್ ಬಿಟ್ಟು, ಮಿಷಿಗನ್‌ನ ಉತ್ತರಕ್ಕಿರುವ ಗ್ರೇಲಿಂಗ್ ಎಂಬ ಸಣ್ಣ ಊರಿಗೆ, ಕಾಡು ಮತ್ತು ನದಿಯ ಪಕ್ಕಕ್ಕೆ, ಕಾರ್ಖಾನೆ ಕಟ್ಟಿಕೊಂಡು ಹೋದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಬಿಲ್ಲನ್ನ ಎಳೆದಾಗ ಅದರ ತೋಳುಗಳಲ್ಲಿ ಏನಾಗುತ್ತೆ? ಎಸ್‌ಒಎಂ ಕ್ಲಾಸಿನ ಬೆಂಡಿಂಗ್ ಪಾಠ ನೆನಪಿಸಿಕೊಳ್ಳಿ. ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತೆ, ನಮ್ಮ ಕಡೆಗಿರುವ ಒಳಮೈ ಅದುಮುತ್ತೆ, ನಡುವೆ ಎಲ್ಲೋ ಒಂದು ನ್ಯೂಟ್ರಲ್ ಆಕ್ಸಿಸ್. ಅತಿ ಹೆಚ್ಚು ಸ್ಟ್ರೆಸ್ ಬೀಳೋದು ಎರಡೂ ಮೇಲ್ಮೈಗಳಲ್ಲಿ. ಬರೀ ಮರದ ಬಿಲ್ಲಿನ ತೊಂದರೆಯೂ ಅಲ್ಲೇ: ವರ್ಷ ಕಳೆದಂತೆ ಬಾಗಿ ಹಾಗೇ ಉಳಿದುಬಿಡುತ್ತೆ, ಚಳಿಗೆ ಒಂದು ಥರ, ಒದ್ದೆಗೆ ಒಂದು ಥರ, ಒಂದು ದಿನ ಕೈಯಲ್ಲೇ ಮುರಿಯುತ್ತೆ.

ಬೇರ್ ಇದಕ್ಕೆ ಹುಡುಕಿದ ಮದ್ದು, ಮೇಲ್ಮೈಗೆ ಬೇರೆ ಪದರ ಅಂಟಿಸೋದು. ಮೊದಲು ಅಲ್ಯೂಮಿನಿಯಂ ಪಟ್ಟಿಯನ್ನೂ ಸೇರಿಸಿ ನೋಡಿದರು, ಅದು ಕೈಕೊಟ್ಟಿತು. ಆಮೇಲೆ ಫೈಬರ್‌ಗ್ಲಾಸ್. ಬಟ್ಟೆಯಂತೆ ಅಡ್ಡಡ್ಡ ನೇಯ್ದದ್ದಲ್ಲ, ಎಳೆಗಳೆಲ್ಲ ಬಿಲ್ಲಿನ ಉದ್ದಕ್ಕೇ ಓಡುವ ಫೈಬರ್‌ಗ್ಲಾಸ್. ಲೋಡ್ ಯಾವ ದಿಕ್ಕಿಗೋ ಎಳೆಯೂ ಅದೇ ದಿಕ್ಕಿಗೆ. ನಡುವೆ ತೆಳು ಮರ, ಎರಡೂ ಮೈಗೆ ಗಾಜಿನ ಎಳೆಯ ಪದರ, ನಡುವೆ ಅಂಟು. 1950ರ ದಶಕದ ಶುರುವಿನಲ್ಲಿ ಈ ವಿಧಾನ ಕೈಗೂಡಿತು. ನಾವು ಇವತ್ತು ಕಾಂಪೋಸಿಟ್ಸ್ ಅಂತ ಎಲೆಕ್ಟಿವ್ ತೆಗೆದುಕೊಂಡು ಓದುವುದನ್ನ ಅವರು ಬೇಟೆಗೆ ಹೋಗುವ ಸಾಮಾನ್ಯ ಜನರ ಕೈಗೆ ಕೊಟ್ಟರು. ಒಬ್ಬ ಕುಶಲಕರ್ಮಿ ದಿನಗಟ್ಟಲೆ ಕೆತ್ತಬೇಕಿದ್ದ ಬಿಲ್ಲು ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗಿ, ಅಂಗಡಿಯಲ್ಲಿ ಸಿಗುವ ವಸ್ತುವಾಯಿತು.

ಇಂಥ ತೋಳಿಗೆ ತೂತು ಕೊರೆದರೆ? ಎಳೆದ ಪ್ಲೇಟಿನಲ್ಲಿ ದುಂಡಗಿನ ತೂತಿದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ ಸುಮಾರು 3 ಪಟ್ಟಾಗುತ್ತೆ ಅಂತ ನಾವು ಓದಿದ್ದೀವಿ. ಅದು ಎಲ್ಲ ದಿಕ್ಕಿಗೂ ಒಂದೇ ಗುಣ ಇರುವ ಲೋಹದ ಲೆಕ್ಕ. ಎಳೆಗಳೆಲ್ಲ ಒಂದೇ ದಿಕ್ಕಿಗಿರುವ ಗಾಜಿನ ಪದರದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಡ್ರಿಲ್ ಬಿಟ್ ಎಳೆಗಳನ್ನೇ ಕತ್ತರಿಸಿಬಿಡುತ್ತೆ, ಪದರ ಬಿಡೋಕೆ ದಾರಿ ಮಾಡಿಕೊಡುತ್ತೆ. 60 ಪೌಂಡ್, ಅಂದರೆ ಸುಮಾರು 27 ಕೆಜಿ ಬಲದಲ್ಲಿ ಎಳೆದ ಬಿಲ್ಲು ಮುಖದ ಪಕ್ಕದಲ್ಲೇ ಒಡೆದರೆ ಏನಾಗಬಹುದು ಅಂತ ನೀವೇ ಊಹಿಸಿ. ಹಾಗಾಗಿ ತೋಳಿಗೆ ಡ್ರಿಲ್ ಅನ್ನೋ ಮಾತೇ ಇಲ್ಲ.

ತೋಳಿನ ತುದಿಗೆ ಭಾರ ಕಟ್ಟುವುದೂ ಬೇಡ. ಬಾಣ ಬಿಟ್ಟಾಗ ಅತಿ ವೇಗವಾಗಿ ಚಲಿಸೋದು ತೋಳಿನ ತುದಿ. ಅಲ್ಲಿ ತೂಕ ಸೇರಿಸಿದರೆ ಬಾಣಕ್ಕೆ ಹೋಗಬೇಕಿದ್ದ ಶಕ್ತಿ ಆ ತೂಕವನ್ನ ಓಡಿಸೋಕೆ ಖರ್ಚಾಗುತ್ತೆ. ಲೈಟ್ ಕೂರಬೇಕಾದದ್ದು ನಡುವಿನ ಹಿಡಿಯ ಭಾಗದಲ್ಲಿ. ಅಲ್ಲಿ ಬೆಂಡಿಂಗ್ ಮೊಮೆಂಟ್ ಜಾಸ್ತಿಯೇ, ಆದರೆ ಅಡ್ಡಕೊಯ್ತ ದಪ್ಪ ಇರೋದರಿಂದ ಸ್ಟ್ರೆಸ್ ಕಡಿಮೆ. ಹಾಗಂತ ಅಲ್ಲಿಗೂ ನಾವು ಡ್ರಿಲ್ ತರಬೇಕಿಲ್ಲ. ಈಗಿನ ಬಿಲ್ಲುಗಳಲ್ಲಿ ಹಿಡಿಯ ಕೆಳಗೆ, ಮುಂಭಾಗದಲ್ಲಿ, ಸ್ಟೆಬಿಲೈಸರ್ ತಿರುಗಿಸೋಕೆ ಅಂತ ಕಾರ್ಖಾನೆಯೇ ಮಾಡಿಕೊಟ್ಟ ಥ್ರೆಡ್ ಇರುವ ತೂತಿರುತ್ತೆ. 5/16 ಇಂಚು ಅಗಲ, ಇಂಚಿಗೆ 24 ಥ್ರೆಡ್. ಲೈಟಿನ ಬ್ರಾಕೆಟ್ಟನ್ನ ಅಲ್ಲಿಗೇ ತಿರುಗಿಸಬಹುದು. ಆ ತೂತಿಲ್ಲದ ಹಳೇ ಬಿಲ್ಲಾದರೆ ಹಿಡಿಯ ಸುತ್ತ ರಬ್ಬರ್ ಪಟ್ಟಿ ಹಾಕಿ ಅದರ ಮೇಲೆ ಕ್ಲ್ಯಾಂಪ್ ಬಿಗಿದರೆ ಸಾಕು. ರಬ್ಬರ್ ಜಾರದಂತೆ ಹಿಡಿಯುತ್ತೆ, ಬಾಣ ಬಿಟ್ಟಾಗಿನ ನಡುಕವನ್ನೂ ಸ್ವಲ್ಪ ನುಂಗುತ್ತೆ. ಆ ನಡುಕಕ್ಕೆ ನಟ್ಟು ಸಡಿಲವಾಗೋದು ಗ್ಯಾರಂಟಿ, ಆಗಾಗ ಬಿಗಿ ನೋಡಬೇಕು. ಹೆದೆಯ ದಾರಿಗೂ ಬಾಣದ ದಾರಿಗೂ ಯಾವುದೂ ಅಡ್ಡ ಬರಬಾರದು, ಸ್ವಿಚ್ಚಿನ ವೈರ್ ಕೂಡ.

ಬೇರ್ ಕೆಲಸದಲ್ಲಿ ಇದೇ ಬುದ್ಧಿ ಮತ್ತೆ ಮತ್ತೆ ಕಾಣುತ್ತೆ. ಬೆನ್ನ ಮೇಲೆ ಬತ್ತಳಿಕೆ ಹೊತ್ತು ಪೊದೆಯೊಳಗೆ ನುಗ್ಗಿದರೆ ಬಾಣ ಕೊಂಬೆಗೆ ಸಿಕ್ಕಿಕೊಳ್ಳುತ್ತೆ, ಸದ್ದಾಗುತ್ತೆ. ಅದಕ್ಕೆ ಅವರ ಕಂಪನಿ ಬಿಲ್ಲಿಗೇ ಸಿಕ್ಕಿಸುವ ಬತ್ತಳಿಕೆಯನ್ನ ಮನೆಮಾತು ಮಾಡಿತು. ಅದರಲ್ಲೊಂದು ಬಗೆ ಬರೀ ಸ್ಪ್ರಿಂಗ್ ಹಿಡಿತದಲ್ಲಿ ಬಿಲ್ಲನ್ನ ಕಚ್ಚಿಕೊಳ್ಳುತ್ತಿತ್ತು: ಸ್ಕ್ರೂ ಇಲ್ಲ, ತೂತಿಲ್ಲ, ಬೇಡ ಅಂದರೆ ತೆಗೆದಿಡಬಹುದು. 1970ರ ಹೊತ್ತಿಗೆ ಅವರು ಮೂರು ತುಂಡಾಗಿ ಬಿಚ್ಚುವ ಬಿಲ್ಲನ್ನೂ ತಂದರು. ತೋಳುಗಳು ಒಂದು ಲ್ಯಾಚಿನಿಂದ ಹಿಡಿಗೆ ಕೂರುತ್ತವೆ, ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ಚಳಿಯಲ್ಲಿ ಕೈ ಮರಗಟ್ಟಿ ಟೆಂಟಿನಲ್ಲಿ ಕೂತವನಿಗೆ ಟೂಲ್ ಹುಡುಕೋದು ಎಷ್ಟು ಕಷ್ಟ ಅಂತ ಅಲಾಸ್ಕಾದಲ್ಲಿ ಅಲೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ಓದಿದರೆ ಬೇರ್ ನಮಗೆಲ್ಲ ಹೀರೋ. ಆದರೆ ಅವರ ಜೀವನದ ಇನ್ನೊಂದು ಭಾಗವನ್ನ ಬಿಟ್ಟು ಬರೆದರೆ ಅದು ಅರ್ಧ ಸತ್ಯ. ಬಿಲ್ಲಿನಿಂದಲೂ ದೊಡ್ಡ ಬೇಟೆ ಸಾಧ್ಯ ಅಂತ ತೋರಿಸೋಕೆ ಅವರು ಜಗತ್ತು ಸುತ್ತಿದರು, ಸಿನಿಮಾ ತೆಗೆಸಿದರು. ಅಲಾಸ್ಕಾದ ಕರಡಿ, ಆಫ್ರಿಕಾದ ಆನೆ, ಸಿಂಹ. 1963ರಲ್ಲಿ ನಮ್ಮ ದೇಶಕ್ಕೂ ಬಂದು ಬಿಲ್ಲಿನಿಂದ ಹುಲಿ ಹೊಡೆದರು. ಆಗ ಅದು ಕಾನೂನಿಗೆ ವಿರುದ್ಧವಾಗಿರಲಿಲ್ಲ, ವಿದೇಶಿ ಬೇಟೆಗಾರರನ್ನ ಕರೆತರುವುದೇ ಒಂದು ವ್ಯಾಪಾರವಾಗಿತ್ತು. ಹತ್ತು ವರ್ಷ ಕಳೆಯೋದರೊಳಗೆ ಚಿತ್ರ ಬದಲಾಯಿತು. 1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳ ಲೆಕ್ಕ 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಮೀಸಲು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು.

ಹುಲಿ ಸಫಾರಿಗೆ ಹೋಗಿ ಬಾಲದ ತುದಿ ಕಂಡರೂ ಕುಣಿದಾಡುವ ತಲೆಮಾರು ನಮ್ಮದು. ಆ ಬೇಟೆಯನ್ನ ಮೆಚ್ಚಿಕೊಳ್ಳೋಕೆ ನಮ್ಮಿಂದ ಆಗೋದಿಲ್ಲ. ಕಾಲ ಬೇರೆ, ಸರಿ. ಆದರೆ ಕಾಲ ಬೇರೆ ಅಂದ ಮಾತ್ರಕ್ಕೆ ಸತ್ತ ಹುಲಿ ಎದ್ದು ಬರೋದಿಲ್ಲ.

ಹಾಗಿದ್ದೂ ಬೇರ್ ಪಾಲಿಗೆ ಬಿಲ್ಲಿನ ಅರ್ಥವೇ ಬೇರೆ ಇತ್ತು ಅನ್ನೋದನ್ನ ಒಪ್ಪಬೇಕು. ಬಂದೂಕು ದೂರದಿಂದ ಕೊಲ್ಲುತ್ತೆ. ಬಿಲ್ಲಿಗೆ 20-30 ಗಜದ ಹತ್ತಿರ ಹೋಗಬೇಕು. ಗಾಳಿ ಯಾವ ಕಡೆ ಬೀಸುತ್ತೆ ನೋಡಬೇಕು, ಗಂಟೆಗಟ್ಟಲೆ ಕಾಯಬೇಕು, ಬಹಳ ಸಲ ಬರಿಗೈಯಲ್ಲಿ ವಾಪಸ್ಸಾಗಬೇಕು. ಪ್ರಾಣಿಗೂ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು ಅನ್ನೋದು ಅವರು ಬಿಲ್ಲುಗಾರರ ನಡುವೆ ಹರಡಿದ ನೀತಿ. ನಮ್ಮ ಲೈಟಿನ ಪ್ರಶ್ನೆ ಇಲ್ಲೇ ಬಂದು ತಗುಲಿಕೊಳ್ಳೋದು. ರಾತ್ರಿ ಕಣ್ಣಿಗೆ ಬೆಳಕು ಬಿಟ್ಟರೆ ಜಿಂಕೆ ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತೆ, ಕಣ್ಣು ಎರಡು ದೀಪದ ಹಾಗೆ ಹೊಳೆಯುತ್ತೆ. ಮಲೆನಾಡಿನ ಗೆಳೆಯರಿಗೆ ಬ್ಯಾಟರಿ ಬೆಳಕಿನ ಶಿಕಾರಿಯ ಕಥೆಗಳು ಹೊಸದಲ್ಲ. ಬೇರ್ ಅವರ ಮಿಷಿಗನ್‌ನಲ್ಲೂ ಜಿಂಕೆಗೆ ಹೀಗೆ ಮಾಡೋದು ಅಪರಾಧ, ನಮ್ಮಲ್ಲಂತೂ ಜಿಂಕೆ ಬೇಟೆಯೇ ಅಪರಾಧ. ಅಂದರೆ ಲೈಟನ್ನ ಹೇಗೆ ಕಟ್ಟೋದು ಅನ್ನೋದು ಕ್ಲ್ಯಾಂಪಿನ ಪ್ರಶ್ನೆ. ಕಟ್ಟಬೇಕಾ ಅನ್ನೋದು ಬೇರೆಯದೇ ಪ್ರಶ್ನೆ, ಅದಕ್ಕೆ ಉತ್ತರ ವರ್ಕ್‌ಶಾಪಲ್ಲಿ ಸಿಗೋದಿಲ್ಲ.

1968ರಲ್ಲಿ ಬೇರ್ ಕಂಪನಿಯನ್ನ ದೊಡ್ಡ ಸಂಸ್ಥೆಯೊಂದಕ್ಕೆ ಮಾರಿದರು, ಆದರೆ ಅದರಲ್ಲೇ ಉಳಿದು ಕೆಲಸ ಮಾಡಿದರು. 1978ರಲ್ಲಿ ಕಾರ್ಖಾನೆ ಗ್ರೇಲಿಂಗ್ ಬಿಟ್ಟು ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ವಯಸ್ಸಾದ ಬೇರ್ ಕೂಡ ಕಾಡು, ನದಿ ಬಿಟ್ಟು ಅಲ್ಲಿಗೇ ಹೋದರು. 1988ರ ಏಪ್ರಿಲ್ 27ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಬಿಲ್ಲುಗಳು ಇವತ್ತಿಗೂ ಮಾರಾಟವಾಗುತ್ತಿವೆ.

ಪ್ರಾಜೆಕ್ಟ್ ಅಂದ ಕೂಡಲೇ ಡ್ರಿಲ್ ಎತ್ತಿಕೊಳ್ಳೋದು ನಮ್ಮೆಲ್ಲರ ಅಭ್ಯಾಸ. ಡ್ರೋನ್ ಫ್ರೇಮ್ ಇರಲಿ, ಬೈಕಿನ ಚಾಸಿಸ್ ಇರಲಿ, ಒಂದು ಬ್ರಾಕೆಟ್ ಬೇಕು ಅಂದರೆ ಮೊದಲು ಹೊಳೆಯೋದು ತೂತು. ಆ ಭಾಗ ಎಷ್ಟು ಲೋಡ್ ಹೊತ್ತಿದೆ, ಎಳೆ ಯಾವ ಕಡೆ ಓಡುತ್ತೆ, ಕಾರ್ಖಾನೆಯವರು ಆಗಲೇ ಜಾಗ ಬಿಟ್ಟಿದ್ದಾರಾ ಅಂತ ಒಂದು ನಿಮಿಷ ನೋಡಿದರೆ ಬಹಳ ಸಲ ಡ್ರಿಲ್ ಬೇಕೇ ಆಗೋದಿಲ್ಲ. ಸಿಕ್ಕಿಸಿದ್ದನ್ನ ಬಿಚ್ಚಬಹುದು, ಕೊರೆದ ತೂತನ್ನ ಮುಚ್ಚೋಕೆ ಆಗಲ್ಲ. ಬೇರ್ ಬಿಲ್ಲಿನ ವಿಷಯದಲ್ಲಿ ಇದನ್ನ ಚೆನ್ನಾಗಿ ಅರಿತಿದ್ದರು. ಕಾಡಿನ ವಿಷಯದಲ್ಲೂ ಇದೇ ಮಾತು ನಿಜ ಅಂತ ಕಲಿಯೋಕೆ ನಮ್ಮ ದೇಶಕ್ಕೆ 1,827 ಅನ್ನೋ ಆ ಸಂಖ್ಯೆ ಬೇಕಾಯಿತು.